ಹೊತ್ತಿಗೊಂದು ಗೆರೆ

ಕೆಲಸವಿಲ್ಲದ ದಿನ ಗೋದಾಳಿಗೆ ತನ್ನ ಕೈಗಳನ್ನು ನೋಡಿಕೊಳ್ಳುವುದಕ್ಕೇ ಸಂಕೋಚವಾಗುತ್ತಿತ್ತು. ಹಿತ್ತಲ ಜಗುಲಿಯ ಕೊನೆಯಲ್ಲಿ, ಒಟ್ಟಿದ ಸೌದೆಗೂ ದನದ ಕೊಟ್ಟಿಗೆಗೂ ನಡುವಿನ ಮೂಲೆಯಲ್ಲಿ, ಹಳೆಯ ಚಾಪೆಯ ಮೇಲೆ ಕುಳಿತು ಅವಳು ಅವನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡಿದ್ದಳು, ಬೇರೆಯವರ ವಸ್ತುವನ್ನು ಕಾಯುತ್ತಿರುವವಳ ಹಾಗೆ. ಹೊರಗೆ ಕುಳಿತು ಇದು ಎರಡನೆಯ ದಿನ. ತಿಂಗಳು ತಿಂಗಳೂ ಬರುವ ಈ ಮೂರು ದಿನಗಳ ವಿಷಯದಲ್ಲಿ ಹೊಸದಾಗಿ ನೊಂದುಕೊಳ್ಳುವಂಥದು ಏನೂ ಇರಲಿಲ್ಲ. ಆದರೆ ಈ ಬೆಳಿಗ್ಗೆ ಅತ್ತೆ ಚೂಡಾಮಣಿಯಮ್ಮ ಬಾವಿಯಿಂದ ಮಡಿನೀರು ತರುತ್ತಿದ್ದಾಗ, ಎಳೆಬಿಸಿಲಿನಲ್ಲಿ ನೀಳವಾಗಿ ಬಿದ್ದಿದ್ದ ಗೋದಾಳ ನೆರಳು ಅವರ ದಾರಿಗೆ ಅಡ್ಡವಾಗಿತ್ತು. “ನೆರಳನ್ನಾದರೂ ಒಳಗೆ ಎಳಕೋಬಾರದೇನೇ?” ಎಂದು ಅತ್ತೆ ಆ ಕೊಡವನ್ನು ದನದ ಬಾನಿಗೆ ಸುರಿದು, ಮತ್ತೆ ಬಾವಿಗೆ ಹೋಗಿ ಸೇದಿದ್ದರು. ನೆರಳನ್ನು ಎಳೆದುಕೊಳ್ಳುವುದು ಹೇಗೆಂದು ಕೇಳುವ ಬದಲು ಗೋದಾ ಮೊಣಕಾಲು ಮಡಿಸಿ ಗೋಡೆಗೆ ಒತ್ತಿ ಕುಳಿತಿದ್ದಳು. ತಾನು ನಿಜವಾಗಿಯೂ ಅದನ್ನು ಎಳೆದುಕೊಳ್ಳಲು ಯತ್ನಿಸುತ್ತಿದ್ದೇನೆ ಎಂಬುದು ತಿಳಿದಾಗ ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆ ಇನ್ನೂ ಹೋಗಿರಲಿಲ್ಲ.

ಮಳವಳ್ಳಿಯ ಆ ಮನೆಯಲ್ಲಿ ಔಷಧಿ ಹೊರಡುವ ಬಾಗಿಲುಗಳು ಎರಡು. ಮುಂದಿನ ಪಡಸಾಲೆಯಲ್ಲಿ ಅವಳ ಗಂಡ ಡಾಕ್ಟರ್ ಕಸ್ತೂರಿರಂಗ ನಾಲಗೆ ನೋಡಿ, ನಾಡಿ ಹಿಡಿದು, ಚೀಟಿ ಬರೆಯುತ್ತಿದ್ದ. ಪಕ್ಕದ ಕೋಣೆಯ ಕಿಟಕಿಯಲ್ಲಿ ಕಾಂಪೌಂಡರು ಚಿಕ್ಕಬೋರಯ್ಯ ಅದನ್ನು ಓದಿ, ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಟಿಂಚರು ಹನಿಸಿ, ಮೂಲೆಯ ಹಂಡೆಯಿಂದ ನೀರು ಬೆರೆಸುತ್ತಿದ್ದ. ಸೀಸೆಯನ್ನು ರೋಗಿಯೇ ತರಬೇಕು. ಹರಳೆಣ್ಣೆಯದೋ, ತಲೆನೋವಿನ ತೈಲದ್ದೋ, ಯಾವುದಾದರೂ ಸರಿ. ಅದರ ಹೊಟ್ಟೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಗಂಜಿಯಲ್ಲಿ ಅಂಟಿಸಿ ಚಿಕ್ಕಬೋರಯ್ಯ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: “ಹೊತ್ತಿಗೊಂದು ಗೆರೆ. ಕುಲುಕಿ ಕುಡೀಬೇಕು.” ಒಂದು ಹಲ್ಲು ಒಂದು ಗೆರೆ, ಒಂದು ಗೆರೆ ಒಂದು ಹೊತ್ತಿನ ಮದ್ದು. ಓದು ಬಾರದ ಊರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಬೀದಿಯ ಮಕ್ಕಳು ಡಾಕ್ಟರಾಟ ಆಡುವಾಗಲೂ ಇದನ್ನೇ ಕೂಗುತ್ತಿದ್ದವು.

ಅಗ್ರಹಾರದವರು ಮಾತ್ರ ಆ ಹಂಡೆಯ ನೀರನ್ನು ಒಪ್ಪಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕಸ್ತೂರಿರಂಗ ಇದನ್ನು ನಗುನಗುತ್ತ ವಿವರಿಸಿದ್ದ. “ಟಿಂಚರು ಲಂಡನ್ನಿನಿಂದ ಹಡಗಿನಲ್ಲಿ ಬರುತ್ತೆ. ಅದನ್ನು ಕಾಸಿದವರು ಯಾರು, ಸೀಸೆಗೆ ತುಂಬಿದವರು ಏನು ತಿಂದು ಬಂದಿದ್ದರು, ಒಬ್ಬರೂ ಕೇಳೋಲ್ಲ. ಮೈಲಿಗೆ ಆಗೋದು ಮಳವಳ್ಳಿ ನೀರಿಗೆ ಮಾತ್ರ.” ಅವಳೂ ನಕ್ಕಿದ್ದಳು. ನಕ್ಕ ಮಾರನೆಯ ದಿನವೇ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಅಗ್ರಹಾರದ ಸೀಸೆಗಳಿಗೆ ಡಾಕ್ಟರೇ ನೀರಿಲ್ಲದ ಗಟ್ಟಿ ಮದ್ದನ್ನು ಅಳೆದು, ಪಟ್ಟಿ ಅಂಟಿಸಿ ಹಿತ್ತಲಿಗೆ ಕಳಿಸುವುದು. ಅವಳು ಒದ್ದೆಸೀರೆಯಲ್ಲಿ ಬಾವಿಯ ನೀರು ಸೇದಿ, ಪಟ್ಟಿಯ ತುದಿ ಮುಟ್ಟುವವರೆಗೆ ತುಂಬುವುದು. ತಪ್ಪನ್ನು ನೋಡಿ ನಗುವವರೇ ತಪ್ಪನ್ನು ಚೆನ್ನಾಗಿ ನಡೆಸಿಕೊಂಡು ಹೋಗುತ್ತಾರೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ. ಬದಲಿಗೆ ಹೆಮ್ಮೆಯಾಯಿತು. ಮಂಡ್ಯದ ಸ್ಕೂಲಿನಲ್ಲಿ ಹೆಡ್‌ಮಾಸ್ತರಾಗಿದ್ದ ಅಪ್ಪ ಅವಳನ್ನು ಲೋಯರ್ ಸೆಕೆಂಡರಿವರೆಗೆ ಓದಿಸಿದ್ದರು. ಆ ಓದೆಲ್ಲ ಸಾರಿನ ಪುಡಿ ಕುಟ್ಟುವುದರಲ್ಲಿ ಮುಗಿಯಿತೆಂದುಕೊಂಡಿದ್ದಾಗ, ನೀರಿನ ಮಟ್ಟವನ್ನು ಕೂದಲೆಳೆಯಷ್ಟೂ ತಪ್ಪದೆ ನಿಲ್ಲಿಸುವ ಈ ಕೆಲಸ ಅವಳಿಗೆ ಒಂದು ಹುದ್ದೆಯ ಹಾಗೆ ಕಂಡಿತು.

ಮುಂಬಾಗಿಲಿಗೆ ಬರಲಾಗದ ಇನ್ನೊಂದು ಗುಂಪೂ ಇತ್ತು. ಕೇರಿಯವರು ಓಣಿಯಿಂದ ಸುತ್ತಿ ಬಂದು ಬೇಲಿಯಾಚೆ ನಿಲ್ಲುತ್ತಿದ್ದರು. ಅವರ ಸೀಸೆಗಳನ್ನು ಚಿಕ್ಕಬೋರಯ್ಯ ತುಂಬಿ ತಂದು ಬೇಲಿಯ ಮಗ್ಗುಲಿನ ಒಗೆಯುವ ಕಲ್ಲಿನ ಮೇಲಿಟ್ಟು ಹೋಗುತ್ತಿದ್ದ. ಹೀಗೆ ಊರಿನ ಮೇಲ್ತುದಿಗೂ ಕೆಳತುದಿಗೂ ಹಿತ್ತಲೇ ಔಷಧಾಲಯ: ಬಾವಿಕಟ್ಟೆಯ ಮೇಲೆ ಅಗ್ರಹಾರದ ಸೀಸೆ, ಒಗೆಯುವ ಕಲ್ಲಿನ ಮೇಲೆ ಕೇರಿಯ ಸೀಸೆ. ಈ ವ್ಯವಸ್ಥೆ ಅವಳದು. ಅಪ್ಪ ಸ್ಕೂಲಿನಲ್ಲಿ ಕೇರಿಯ ಹುಡುಗರನ್ನು ಜಗುಲಿಯ ಮೇಲೆ ಕೂರಿಸಿ, ಅವರ ಸ್ಲೇಟುಗಳನ್ನು ಕಿಟಕಿಯಿಂದಲೇ ನೋಡಿ, ತಪ್ಪು ತಿದ್ದಲು ಸೀಮೆಸುಣ್ಣದ ತುಂಡನ್ನು ಹೊರಕ್ಕೆ ಎಸೆಯುತ್ತಿದ್ದುದು ನೆನಪಿತ್ತು. ಒಮ್ಮೆಯೂ ಕೋಪಿಸಿಕೊಂಡು ಎಸೆದವರಲ್ಲ. ಎಷ್ಟು ನ್ಯಾಯವಂತರು ನಮ್ಮಪ್ಪ ಎಂದು ಅವಳು ಹನ್ನೆರಡರ ವಯಸ್ಸಿನಲ್ಲಿ ಗೆಳತಿಯರ ಮುಂದೆ ಜಂಬ ಪಟ್ಟಿದ್ದಳು.

ಇವತ್ತು ಕಸ್ತೂರಿರಂಗ ಔಷಧಿ ತರಲು ಮಂಡ್ಯಕ್ಕೆ ಹೋಗಬೇಕಾಗಿತ್ತು. ಬೆಳಗಿನ ಮೋಟಾರು ಹಾರನ್ ಹೊಡೆಯುತ್ತಿದ್ದಂತೆ, ಕೋಟಿನ ಗುಂಡಿಯನ್ನು ಒಂದು ಕೈಯಲ್ಲಿ ಹಾಕಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಸೀಸೆ ಹಿಡಿದು ಹಿತ್ತಲಿಗೆ ಬಂದ. “ಅಮ್ಮಾ, ಅರ್ಚಕರ ಭೇದಿಗೆ ಗಟ್ಟಿ ಮದ್ದು ಇಟ್ಟಿದ್ದೀನಿ. ಅಫೀಮಿನ ಟಿಂಚರಿದೆ, ನೀರು ಸೇರಿಸೋದು ಮರೀಬೇಡ” ಎಂದು ದೇವರ ಮನೆಯ ಕಡೆಗೆ ಕೂಗಿದ. ಒಳಗಿನಿಂದ ಜಪದ ನಡುವೆ ಒಂದು “ಹ್ಞೂಂ” ಬಂತು. ಗೋದಾ ಕುಳಿತಿದ್ದ ಮೂಲೆಯ ಮುಂದೆಯೇ ಅವನು ಹಾದುಹೋದ. ಇದು ಪ್ರಕೃತಿಧರ್ಮ, ಮೈಲಿಗೆಯೇನಲ್ಲ ಎಂದು ಪೇಷೆಂಟುಗಳಿಗೆ ಬೋಧಿಸುವ ಅವನು ಈ ದಿನಗಳಲ್ಲಿ ಮಾತ್ರ ಅವಳತ್ತ ನೋಡದೆ ತಲೆ ತಗ್ಗಿಸಿ ನಡೆಯುತ್ತಿದ್ದ, ಸಾಲ ಕೊಟ್ಟವನ ಮನೆಯ ಮುಂದೆ ಹೋಗುವವನ ಹಾಗೆ. ಬೇಲಿಯ ಪುಟ್ಟ ಬಾಗಿಲಿನಿಂದ ಅವನು ಓಣಿಗೆ ಇಳಿದದ್ದನ್ನು ಅವಳು ನೋಡಿದಳು. ಕೈಯಲ್ಲಿದ್ದ ಸೀಸೆಯನ್ನು ಎಲ್ಲಿಟ್ಟ ಎಂಬುದನ್ನು ನೋಡಲಿಲ್ಲ. ತನ್ನತ್ತ ತಿರುಗುತ್ತಾನೋ ಎಂದು ಅವನ ಕತ್ತನ್ನೇ ನೋಡುತ್ತಿದ್ದಳು.

ಬಿಸಿಲು ಏರಿದ ಮೇಲೆ ಚಿಕ್ಕಬೋರಯ್ಯ ಓಣಿಯಿಂದ ಬಂದು, ಮೊದಲೇ ಇದ್ದುದರ ಈಚೆಗೆ ಇನ್ನೊಂದು ಸೀಸೆ ಇಟ್ಟುಹೋದ. ಒಗೆಯುವ ಕಲ್ಲಿನ ಮೇಲೆ ಈಗ ಎರಡು ಸೀಸೆಗಳು ಇದ್ದವು. ಎರಡೂ ಹರಳೆಣ್ಣೆಯವು, ಎರಡಕ್ಕೂ ನಾಲ್ಕು ಹಲ್ಲಿನ ಪಟ್ಟಿ. ಕೇರಿಯವರು ಇಬ್ಬರು ಬರಬಹುದು ಎಂದುಕೊಂಡಳು. ಎದ್ದು ಹೋಗಿ ನೋಡುವ ಹಾಗಿರಲಿಲ್ಲ. ಅತ್ತೆಯನ್ನು ಕರೆಯುವ ಮನಸ್ಸು, ನೆರಳಿನ ಮಾತಾದ ಮೇಲೆ, ಇರಲಿಲ್ಲ.

“ಅವ್ವೋ, ಡಾಕ್ಟ್ರವ್ವಾ!”

ಬೇಲಿಯ ಮೇಲೆ ಮಾಯಮ್ಮನ ತಲೆ ಕಂಡಿತು. ಕೊಟ್ಟಿಗೆಯ ಸಗಣಿ ಎತ್ತುವವಳು. ಮಗಳು ಚಿಕ್ಕಮಾದಮ್ಮ ಬಾಣಂತಿ, ನಾಲ್ಕು ದಿನದಿಂದ ಭೇದಿ ಹತ್ತಿ ಹಿಡಿಯಷ್ಟಾಗಿದ್ದಾಳೆ ಎಂದು ನೆನ್ನೆಯೇ ಬಂದು ಅತ್ತಿದ್ದಳು.

“ನನ್ ಸೀಸೆ ಯಾವ್ದವ್ವಾ? ಇಲ್ಲಿ ಎಲ್ಡವೆ.”

“ಬೇಲಿ ಕಡೇದು ತಗೋ” ಎಂದಳು ಗೋದಾ. ಕೇರಿಯ ಸೀಸೆ ಯಾವಾಗಲೂ ಬೇಲಿಯ ಕಡೆಗೇ ಇರುತ್ತಿತ್ತು.

ಮಾಯಮ್ಮ ಕೈ ಚಾಚಿ ಎತ್ತಿಕೊಂಡು ಬಿಸಿಲಿಗೆ ಹಿಡಿದಳು. “ಇದೇನವ್ವಾ, ಗೆರೆ ನಾಕವೆ, ಮದ್ದು ಒಂದು ಗೆರೆಗೇ ಐತಲ್ಲ? ಬಡವ್ರ ಸೀಸೆ ಅಂತ ಬೋರಯ್ಯ ತಳಕ್ಕೆ ಉಯ್ದು ಕಳಿಸ್ಬುಟ್ನಾ?”

ಅದು ಅರ್ಚಕರ ಸೀಸೆ ಎಂದು ಗೋದಾಳಿಗೆ ಹೊಳೆಯಿತು. ಆ ಸೀಸೆ ಈಗ ಮಾಯಮ್ಮನ ಕೈಯಲ್ಲಿದೆ. ಮುಟ್ಟಿಯಾಗಿದೆ. ಇನ್ನು ಅದು ಅರ್ಚಕರ ಮನೆಗೆ ಹೋಗಲಾರದು. ತಾನು, ಹೊರಗೆ ಕುಳಿತವಳು, ಬೆರಳು ಮಾಡಿ ತೋರಿಸಿ ಮುಟ್ಟಿಸಿದ್ದಾಳೆ. ಅತ್ತೆಗೆ ತಿಳಿದರೆ ನೆರಳಿನ ಮಾತು ಏನೇನೂ ಅಲ್ಲ. “ಅದಕ್ಕೆ ನೀರು ಸೇರಿಸಬೇಕು” ಎಂದಳು.

“ಹಂಗಾರೆ ಒಸಿ ಬಾವಿ ನೀರ ಉಯ್ದು ಕೊಡ್ರವ್ವ. ನಮ್ ಗುಂಡಿ ನೀರು ಮದ್ದಿಗೆ ಆದಾತಾ?”

“ನಾನಿವತ್ತು ಮುಟ್ಟೋ ಹಾಗಿಲ್ಲ.”

ಮಾಯಮ್ಮ ಅವಳ ಚಾಪೆಯನ್ನು, ಮಗ್ಗುಲಿನ ಒಂಟಿ ತಟ್ಟೆಯನ್ನು ನೋಡಿದಳು. ಮುಖ ಅರಳಿತು. “ಓ, ಆಚೆ ಕುಂತಿದ್ದೀರಾ! ಹಂಗಾರೆ ಈವತ್ತು ನೀವೂ ನಮ್ ಪೈಕೀನೇ ಅನ್ನಿ. ಮೂರು ದಿವ್ಸಕ್ಕೆ ನೆಂಟ್ರು ಬಂದಂಗಾತು ಕಣವ್ವ!” ಎಲೆಯಡಿಕೆಯ ಹಲ್ಲು ಬಿಟ್ಟು ಅವಳು ನಕ್ಕಳು. ಕೆಟ್ಟ ನಗೆಯಲ್ಲ. ಹೆಂಗಸು ಹೆಂಗಸಿನ ಮುಂದೆ ನಗುವ ನಗೆ.

ಅತ್ತೆ ನೆರಳಿಗೆ ಬೈದಾಗ ಬಾರದ ಸಿಟ್ಟು ಗೋದಾಳಿಗೆ ಈ ನಗೆಗೆ ಬಂತು. ಅಲ್ಲಿ ನುಂಗಿದ್ದನ್ನೆಲ್ಲ ಇಲ್ಲಿ ಕಾರಿದಳು. ಮೇಲಿನಿಂದ ಬಿದ್ದದ್ದನ್ನು ಕೆಳಕ್ಕೆ ದಾಟಿಸುವುದಕ್ಕೆ ಯಾವ ಸ್ಕೂಲಿನ ಪಾಠವೂ ಬೇಕಾಗಿರಲಿಲ್ಲ. “ಬಾಯಿ ಮುಚ್ಚಿಕೊಂಡು ಹೋಗು” ಎಂದಳು. “ಇರೋದನ್ನು ಕುಡಿಸು. ಹೊತ್ತಿಗೊಂದು ಗೆರೆ.”

“ಆಗ್ಲಿ ಕಣವ್ವ, ತೆಪ್ಪಾತು” ಎಂದು ಮಾಯಮ್ಮ ಸೀಸೆಯನ್ನು ಸೆರಗಿನಲ್ಲಿ ಸುತ್ತಿ ಹೊರಟುಹೋದಳು.

ಆಗಲೇ ತಿಳಿದಿತ್ತೇ? ಆಮೇಲೆ, ಎಷ್ಟೋ ಹೊತ್ತು, ಗೋದಾ ಇದೊಂದನ್ನೇ ತನ್ನೊಳಗೆ ತಿರುಗಿಸಿ ತಿರುಗಿಸಿ ನೋಡಿದಳು. ನೀರು ಸೇರಿಸಬೇಕು ಎಂದ ಬಾಯಿಯೇ ಇರೋದನ್ನು ಕುಡಿಸು ಎಂದಿತ್ತು. ನಾಲ್ಕು ಹೊತ್ತಿನ ಮದ್ದು ಒಂದು ಗೆರೆಯೊಳಗೆ ಕುಳಿತಿದೆ ಎಂಬ ಲೆಕ್ಕ, ವರ್ಷಗಟ್ಟಲೆ ಅದನ್ನೇ ಮಾಡಿದವಳಿಗೆ, ತಿಳಿಯದೆ ಹೇಗೆ ಇರುತ್ತದೆ? ತಿಳಿದಿತ್ತು, ಆದರೆ ಆ ತಿಳಿವಳಿಕೆಯನ್ನು ಅವಳು ಎತ್ತಿಕೊಳ್ಳಲಿಲ್ಲ, ಅಷ್ಟೆ. ನೆಲದ ಮೇಲೆ ಇಟ್ಟುಹೋದ ತಟ್ಟೆಯ ಹಾಗೆ ಅದು ಮುಂದೆಯೇ ಇತ್ತು. ಮನೆಗೆ ಹೋಗಿ ಅವರೇ ಸೇರಿಸಿಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. ಕೊಟ್ಟಿಗೆಯಲ್ಲಿ ಎಮ್ಮೆ ಬಾಲದಿಂದ ನೊಣ ಹೊಡೆಯುತ್ತಿತ್ತು. ಅವಳು ಅದರ ಬಾಲವನ್ನೇ ನೋಡುತ್ತ ಕುಳಿತಳು. ಬೆಸಗರಹಳ್ಳಿಯಲ್ಲಿ ಒಂದು ಮನೆಯ ಸೊಸೆ ಅಫೀಮು ನುಂಗಿದ್ದಳೆಂದು ಗಂಡ ಹಿಂದೆ ಒಮ್ಮೆ ಊಟಕ್ಕೆ ಕುಳಿತು ಹೇಳಿದ್ದ: ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು ಸಣ್ಣದಾಗಿತ್ತಂತೆ, ಊದಾ ಹರಳಿನ ನೀರಿನಲ್ಲಿ ಹೊಟ್ಟೆ ತೊಳೆದು, ಕಾಫಿಯ ಕಷಾಯ ಕುಡಿಸಿ, ಕೆನ್ನೆಗೆ ಹೊಡೆದು ಹೊಡೆದು ಅಂಗಳದಲ್ಲಿ ನಡೆಸಿದರಂತೆ. “ಮಲಗಗೊಟ್ಟರೆ ಹೋದಳು” ಎಂದು ಅವನು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡಿದ್ದ. ಬಡಿಸುತ್ತಿದ್ದ ಅವಳು ಉಪ್ಪಿನಕಾಯಿ ತರಲು ಎದ್ದಿದ್ದಳು.

ಅರ್ಚಕರ ಮಗ ಚಲುವನಾರಾಯಣ ಬಂದಾಗ ಅತ್ತೆ ಜಪ ಮುಗಿಸಿ ತುಳಸಿಗೆ ನೀರೆರೆಯುತ್ತಿದ್ದರು. “ಎಲ್ಲಮ್ಮಾ ನಮ್ಮ ಸೀಸೆ?” ಎಂದು ಅವನು ಬಾವಿಕಟ್ಟೆಯ ಮೇಲೆ ಹುಡುಕಿ, ಒಗೆಯುವ ಕಲ್ಲಿನ ಮೇಲೆ ಕಂಡು ಮುಖ ಸಿಂಡರಿಸಿ, ಪಂಚೆಯ ಚುಂಗಿನಿಂದ ಎತ್ತಿಕೊಂಡ. “ಇಲ್ಲಿ ಯಾಕಿಟ್ಟಿದ್ದೀರಿ? ನೀರು ಸೇರಿಸಿಯಾಗಿದೆಯಲ್ಲ. ನೀವೇ ಸೇರಿಸಿದಿರೇನು?”

ಚೂಡಾಮಣಿಯಮ್ಮನ ಕೈಯಲ್ಲಿದ್ದ ಚೊಂಬು ಅರ್ಧದಲ್ಲಿ ನಿಂತಿತು. ಅವರು ಸೀಸೆಯನ್ನು ನೋಡಿದರು, ಕುತ್ತಿಗೆಯವರೆಗೆ ತುಂಬಿದ್ದ ನೀರನ್ನು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಸೊಸೆಯನ್ನು ನೋಡಿದರು. ಆ ನೋಟದಲ್ಲಿ ಎಲ್ಲವೂ ಒಂದೊಂದಾಗಿ ತಿಳಿಯುತ್ತ ಹೋದದ್ದನ್ನು ಗೋದಾ ಕಂಡಳು: ಇದು ಚಿಕ್ಕಬೋರಯ್ಯನ ಹಂಡೆಯ ನೀರು, ಇದು ಕೇರಿಗೆಂದು ತುಂಬಿದ ಸೀಸೆ. ಈಗ ಅತ್ತೆ ಕೂಗುತ್ತಾರೆ, ಸೀಸೆಯನ್ನು ಒಡೆಸುತ್ತಾರೆ, ಚಲುವನಾರಾಯಣನಿಗೆ ಸ್ನಾನ ಮಾಡಲು ಹೇಳುತ್ತಾರೆ ಎಂದು ಅವಳು ಕಾದಳು.

“ಹೌದಪ್ಪ, ನಾನೇ ಸೇರಿಸಿದೆ” ಎಂದರು ಅತ್ತೆ. “ಬಾವಿಯಿಂದ ಈಗ ತಾನೇ ಸೇದಿದ್ದು. ತಗೊಂಡು ಹೋಗು. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಕೊಡು.”

ಅವನು ಹೋದ. ಅತ್ತೆ ಚೊಂಬನ್ನು ಬಾಗಿಸಿ ಉಳಿದ ನೀರನ್ನು ತುಳಸಿಗೆ ಪೂರ್ತಿ ಎರೆದು, ಕೈ ಮುಗಿದರು.

ಆ ಹೆಂಗಸು ಎಷ್ಟು ಕಠಿಣಳಾದರೂ ತನ್ನ ನಂಬಿಕೆಗೆ ನಿಷ್ಠಳು ಎಂದು ಗೋದಾ ನಂಬಿದ್ದಳು. ಅದನ್ನು ನಂಬಿದ್ದರಿಂದಲೇ ಇಷ್ಟು ವರ್ಷ ಚಾಪೆಯ ಮೇಲೆ ಕುಳಿತಿದ್ದಳು. ನೆರಳಿಗೆ ಕೆಟ್ಟುಹೋದ ನೀರು, ಸುಳ್ಳಿಗೆ ಕೆಡಲಿಲ್ಲವೆ? ನೀರಿಗೆ ಮಡಿಯೇ ಇರಲಿಲ್ಲ, ಎಂದೂ ಇರಲಿಲ್ಲ. ಇದ್ದದ್ದು, ಅಗ್ರಹಾರದ ಎದುರಿಗೆ ಕಾಣುವ ಸೀಸೆಗೆ.

“ಅಮ್ಮಾ, ಅವರ ಸೀಸೆ ಮಾಯಮ್ಮ ತಗೊಂಡು ಹೋದಳು” ಎಂದಳು. ದನಿ ತನ್ನದಲ್ಲವೆನ್ನಿಸಿತು.

“ಗೊತ್ತಾಯಿತು. ಸುಮ್ಮನಿರು. ರಂಗನಿಗೂ ಹೇಳಬೇಡ. ಈ ಸುದ್ದಿ ಅಗ್ರಹಾರಕ್ಕೆ ಹೋದರೆ ನಾಳೆಯಿಂದ ಒಂದು ನರಪಿಳ್ಳೆಯೂ ನಮ್ಮ ಬಾಗಿಲಿಗೆ ಬರೋಲ್ಲ.”

“ಅದು ಗಟ್ಟಿ ಮದ್ದು. ನೀರಿಲ್ಲ.”

“ಗಟ್ಟಿಯಾದರೆ ಬೇಗ ವಾಸಿಯಾಗುತ್ತೆ, ಬಿಡು. ಅವರದು ಗಟ್ಟಿ ಶರೀರ.”

“ಅಮ್ಮಾ, ಅದರಲ್ಲಿ ಅಫೀಮಿದೆ. ಅವಳು ಸಾಯ್ತಾಳೆ.” ಹೇಳಿದ ಮೇಲೆಯೇ ಆ ಮಾತು ಗೋದಾಳಿಗೂ ಕೇಳಿಸಿದ್ದು. ಅವಳು ಎದ್ದು ನಿಂತಿದ್ದಳು.

“ಹೊರಗೆ ಕೂತವಳು ಎಲ್ಲಿಗೆ ಹೊರಟೆ? ಹೊಲಗೇರಿಗೆ ಹೋಗಿ ಬಂದರೆ ಈ ಹೊಸಿಲು ತುಳಿಯೋ ಆಸೆ ಬಿಡು, ಹೇಳಿದ್ದೀನಿ!”

ಅವಳು ಬೇಲಿಯ ಬಾಗಿಲು ತೆರೆದು ಓಣಿಗೆ ಇಳಿದಳು. ಕಾಂಪೌಂಡರ ಕಿಟಕಿಗೆ ಬಂದಾಗ, ಸೀಸೆ ಹಿಡಿದು ಕಾದು ನಿಂತಿದ್ದವರೆಲ್ಲ ಡಾಕ್ಟರ ಹೆಂಡತಿಯನ್ನು ಕಂಡು ಸರಿದು ದಾರಿ ಬಿಟ್ಟರು. ಚಿಕ್ಕಬೋರಯ್ಯ ಅಳತೆಯ ಗಾಜನ್ನು ಕೆಳಗಿಟ್ಟ. ಅವಳು ಹೇಳಿದ್ದನ್ನು ಕೇಳುತ್ತ ಅವನ ಮುಖ ಬಿಳುಚಿತು.

“ಡಾಕ್ಟ್ರಿಲ್ದೆ ನಾನು ಏನೂ ಕೊಡಾಂಗಿಲ್ಲ ಅಮ್ಮಾವ್ರೇ. ಏನಾದ್ರೂ ಎಚ್ಚುಕಮ್ಮಿ ಆದ್ರೆ ನನ್ನ ಕುತ್ಗೆಗೆ ಬತ್ತದೆ.”

“ಬಂದರೆ ನನ್ನ ಕುತ್ತಿಗೆಗೆ. ಕಾಲರಾ ಬಂದಾಗ ಬಾವಿಗೆ ಹಾಕೋ ಊದಾ ಹರಳು ಕೊಡಿ. ಹೋಟೆಲಿನಿಂದ ಕಾಫಿ ಕಷಾಯ ಮಾಡಿಸಿ ಕಳಿಸಿ, ಹಾಲು ಬೇಡ. ಮಂಡ್ಯಕ್ಕೆ ತಂತಿ ಕೊಡಿಸಿ.”

ಅವನು ಹರಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಅವಳ ಕೈಗೆ ತಾಗದಂತೆ ಕಿಟಕಿಯ ಹಲಗೆಯ ಮೇಲಿಟ್ಟ. ಅವಳು ಎತ್ತಿಕೊಂಡು ಓಡಿದಳು. ಬೀದಿಯಲ್ಲಿ ಓಡಿ ಅವಳಿಗೆ ಅಭ್ಯಾಸವಿರಲಿಲ್ಲ. ಸೀರೆ ಕಾಲಿಗೆ ತೊಡರಿತು. ಯಾರೋ ಅಂಗಡಿಯಿಂದ ಎದ್ದು ನಿಂತರು. ಓಡುತ್ತಲೇ ಅವಳಿಗೆ ಅಪ್ಪನ ಮುಂದೆ ಕಾಪಿ ಬರೆಯುತ್ತಿದ್ದ ದಿನಗಳ ಶಾಯಿಯ ವಾಸನೆ ಮೂಗಿಗೆ ಬಂದಿತು. ತಾನು ಈಗ ಹೋಗುತ್ತಿರುವುದು ಒಳ್ಳೆಯವಳಾದ್ದರಿಂದ ಅಲ್ಲ; ಒಳ್ಳೆಯವಳಾಗಿದ್ದರೆ ಬೇಲಿಯ ಹತ್ತಿರವೇ ಎದ್ದು ನಿಲ್ಲುತ್ತಿದ್ದಳು.

ಕೇರಿಯ ಬಾಯಲ್ಲಿ ಒಂದು ನೆಟ್ಟ ಕಲ್ಲು. ಅದರ ಮಗ್ಗುಲಲ್ಲಿ ಹಗ್ಗ ಹೊಸೆಯುತ್ತಿದ್ದ ಮುದುಕ ಕರಿಯಯ್ಯ ಅವಳನ್ನು ಕಂಡವನೇ ಎರಡೂ ಕೈ ಎತ್ತಿ ಅಡ್ಡ ನಿಂತ.

“ನಿಂತ್ಕಳ್ರವ್ವ! ಅಲ್ಲೇ ನಿಂತ್ಕಳಿ! ಆರುವ್ರು ಕೇರಿಗೆ ಕಾಲಿಕ್ಕಂಗಿಲ್ಲ. ಕೇರಿಗೇ ಕೇಡು ಬತ್ತದೆ.”

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅವಳಿಗೆ ಮೈಲಿಗೆಯಾಗುತ್ತದೆಂದು ತಡೆಯುತ್ತಿದ್ದಾನೆ ಎಂದುಕೊಂಡು “ನನಗೇನೂ ಆಗೋಲ್ಲ, ಬಿಡು” ಎಂದಳು.

“ನಿಮ್ಗಲ್ಲ ಕಣವ್ವ, ನಮ್ಗೆ! ಮುಂಚೆ ಒಬ್ರು ಬಂದೋದ್ರು, ಮಾರಿ ಮಡಿಕೆ ಒಡ್ದು ಕೇರಿನೆಲ್ಲಾ ಸಗಣಿ ನೀರಾಗೆ ತೊಳುದ್ವು.” ಅವನ ಹಿಂದೆ ಹೆಂಗಸರು ಸೇರಿದ್ದರು. ಒಬ್ಬಳ ಕೈಯಲ್ಲಿ ಆಗಲೇ ಸಗಣಿ ಕಲಸಿದ ಮಡಕೆಯಿತ್ತು. ತಾನು ಯಾರಿಗೋ ಮೈಲಿಗೆ ಎಂಬುದು ಗೋದಾ ಕಂಡರಿಯದ ಸಂಗತಿಯಲ್ಲ; ಬೆಳಗಿನಿಂದ ಅದನ್ನೇ ಹೊದ್ದು ಕುಳಿತಿದ್ದಳು. ಆದರೆ ಇಲ್ಲಿ, ಇವರಿಗೆ, ಹೊರಗಾದವಳಾಗಿ ಅಲ್ಲ, ಹಾರುವರ ಮಡಿಯವಳಾಗಿಯೇ ತಾನು ಕೇಡು ಎಂಬುದು ಅವಳ ಯೋಚನೆಯನ್ನು ಒಂದೇ ಏಟಿಗೆ ಬರಿದು ಮಾಡಿತು.

“ಮಾಯಮ್ಮಾ!” ಎಂದು ಕೀರಲು ದನಿಯಲ್ಲಿ ಕೂಗಿದಳು.

ಮಾಯಮ್ಮ ಗುಡಿಸಲಿನಿಂದ ಬಗ್ಗಿ ಹೊರಗೆ ಬಂದಳು. ಅವಳ ಮುಖ ಬೆಳಗುತ್ತಿತ್ತು. ತುಟಿಯ ಮೇಲೆ ಬೆರಳಿಟ್ಟು, ಸದ್ದಿಲ್ಲದೆ ನಡೆದು ಬಂದು, ಕಲ್ಲಿನ ಆಚೆಯಿಂದಲೇ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ಮೆಲ್ಲಗೆ ಕಣವ್ವ. ಈಗ ತಾನೆ ಕಣ್ ಮುಚ್ಚವ್ಳೆ. ನಾಕು ದಿವ್ಸ ಆಗಿತ್ತು ಮಲಗಿ. ಒಂದು ಗೆರೆ ಕುಡುದ್ಲು ನೋಡಿ, ಒಟ್ಟೆ ನೋವು ನಿಂತೋತು, ಕೂಸಿನಂಗೆ ನಿದ್ದೆ ಮಾಡ್ತಾವ್ಳೆ. ನಿಮ್ ಕೈಯಿ ತಣ್ಣಗಿರ್ಲಿ ತಾಯಿ. ವಿಚಾರ್ಸಕ್ಕೆ ಬಿಸ್ಲಾಗೆ ಓಡ್ಬಂದ್ರಾ?”

ಇಡೀ ಕೇರಿ ಕೃತಜ್ಞತೆಯಿಂದ ಅವಳನ್ನು ನೋಡುತ್ತಿತ್ತು. ಇಷ್ಟು ಹೊತ್ತು ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು: ಸೀಸೆ ಅದಲು ಬದಲಾಯಿತು, ಗೊತ್ತಾಗಲಿಲ್ಲ, ತಪ್ಪು ತಿಳಿಯಬೇಡಿ. ಅವೆಲ್ಲ ಈ ಮುಖದ ಮುಂದೆ ಹೇಸಿಗೆಯಾಗಿ ಕಂಡವು.

“ಅದು ನಿದ್ದೆಯಲ್ಲ” ಎಂದಳು. “ವಿಷ. ಅರ್ಚಕರ ಸೀಸೆ ಅದು. ನಾಲ್ಕು ಹೊತ್ತಿನದನ್ನು ಒಟ್ಟಿಗೇ ಕುಡಿದಿದ್ದಾಳೆ. ನೀರಿಲ್ಲದೆ ಕೊಡಬಾರದು ಅಂತ ನನಗೆ ಗೊತ್ತಿತ್ತು. ನೀನು ನಕ್ಕೆ ಅಂತ ಸಿಟ್ಟು ಬಂತು. ಅದಕ್ಕೇ ಹೇಳಲಿಲ್ಲ.”

ಮಾಯಮ್ಮನ ಮುಖದ ಬೆಳಕು ಆರದೆ ಹಾಗೆಯೇ ಸ್ವಲ್ಪ ಹೊತ್ತು ಉಳಿದಿತ್ತು, ಸುದ್ದಿ ಇನ್ನೂ ಅಲ್ಲಿಗೆ ತಲುಪಿಲ್ಲವೆಂಬಂತೆ. “ಒಂದ್ ಚೆಂಬು ನೀರಿಗಾ?” ಎಂದಳು ಕೊನೆಗೆ.

ಗೋದಾ ಕಲ್ಲನ್ನು ದಾಟಿದಳು. ಸಗಣಿ ನೀರು ಅವಳ ಬೆನ್ನಿಗೆ ಬಿತ್ತು, ತಣ್ಣಗೆ, ಕುಪ್ಪಸದೊಳಗೆ ಇಳಿಯಿತು. ಅವಳು ನಿಲ್ಲಲಿಲ್ಲ. ಗುಡಿಸಲಿನ ಕತ್ತಲೆಯಲ್ಲಿ ಕಣ್ಣು ಹೊಂದುವ ಮೊದಲೇ ಉಸಿರು ಕೇಳಿಸಿತು: ಗೊರ್ ಎಂದು ಒಂದು, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಮತ್ತೆ ಒಂದು. ಚಾಪೆಯ ಮೇಲೆ ಚಿಕ್ಕಮಾದಮ್ಮ ಮಲಗಿದ್ದಳು, ಮಗ್ಗುಲಲ್ಲಿ ಕೂಸು ಖಾಲಿ ಮೊಲೆಯನ್ನು ಹುಡುಕುತ್ತಿತ್ತು. ಗೋದಾ ರೆಪ್ಪೆ ಎತ್ತಿದಳು. ಪಾಪೆ ಚುಕ್ಕೆಯಷ್ಟಿತ್ತು. “ಕೂಸನ್ನು ಎತ್ತಿಕೊಳ್ಳಿ, ಹಾಲು ಕುಡಿಸಬೇಡಿ, ಹಾಲಿಗೂ ಇಳಿದಿರುತ್ತೆ” ಎಂದಳು. “ನೀರು ತನ್ನಿ. ಯಾವ ನೀರಾದರೂ ಸರಿ.” ಮಡಕೆಯ ನೀರಿಗೆ ಒಂದು ಹರಳು ಹಾಕಿ ತನ್ನ ಬೆರಳಿನಿಂದಲೇ ಕದಡಿದಳು. ಊದಾ ಬಣ್ಣ ಕೈಗೆ ಹತ್ತಿತು. ಮಾಯಮ್ಮ ದವಡೆ ಬಿಡಿಸಿದಳು. ಇವಳು ಹೊಯ್ದಳು, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸಿದಳು, ಮತ್ತೆ ಹೊಯ್ದಳು. ಇಬ್ಬರ ಸೀರೆಯೂ ತೊಯ್ದುಹೋಯಿತು. ಯಾರನ್ನು ಯಾರು ಮುಟ್ಟುತ್ತಿದ್ದಾರೆಂದು ನೋಡುವ ಕಣ್ಣು ಅಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಅವಳನ್ನು ಎಬ್ಬಿಸಿ ಅಂಗಳಕ್ಕೆ ತಂದು, ಒಂದು ತೋಳಿನಡಿ ಮಾಯಮ್ಮ, ಇನ್ನೊಂದರಡಿ ಗೋದಾ, ಬೇವಿನ ಮರದ ಸುತ್ತ ನಡೆಸತೊಡಗಿದರು. ಕಾಲು ನಡೆಯಲಿಲ್ಲ, ಎಳೆಯಿತು. ಚಿಕ್ಕಬೋರಯ್ಯ ಕಷಾಯದ ಚೊಂಬನ್ನು ನೆಟ್ಟ ಕಲ್ಲಿನ ಹತ್ತಿರ ಇಟ್ಟು, ದೂರ ನಿಂತು ಕೂಗಿದ, ಕರಿಯಯ್ಯ ತಂದುಕೊಟ್ಟ, ಅರ್ಧ ಒಳಗೆ ಹೋಯಿತು, ಅರ್ಧ ಗದ್ದದ ಮೇಲೆ ಹರಿಯಿತು. “ಬುಡಿ… ಮಲಗ್ತೀನಿ” ಎಂದು ಚಿಕ್ಕಮಾದಮ್ಮ ತೊದಲಿದಳು. ಗೋದಾ ಕೆನ್ನೆಗೆ ಹೊಡೆದಳು. ತನ್ನ ಹುಟ್ಟಿನಲ್ಲಿ ಅವಳು ಯಾರನ್ನೂ ಹೊಡೆದಿರಲಿಲ್ಲ. ಮೊದಲ ಏಟು ಮೆತ್ತಗೆ ಬಿತ್ತು. ಎರಡನೆಯದು ಹಾಗಿರಲಿಲ್ಲ.

ಮರದಡಿಯಲ್ಲಿ ಒಬ್ಬಳ ತೊಡೆಯ ಮೇಲೆ ಕೂಸು ಹಸಿವಿಗೆ ಚೀರುತ್ತಿತ್ತು. ಅದು ಚೀರಿದಾಗಲೆಲ್ಲ ಚಿಕ್ಕಮಾದಮ್ಮನ ಕತ್ತು ಒಂದಿಷ್ಟು ನಿಲ್ಲುತ್ತಿತ್ತು, ಹೆಜ್ಜೆ ನೆಲಕ್ಕೆ ಊರುತ್ತಿತ್ತು. ಗೋದಾ ಇದನ್ನು ಕಂಡಳು. ಅವಳು ಕೂಸನ್ನು ಕಿತ್ತುಕೊಂಡು ತನ್ನ ಸೊಂಟದ ಮೇಲೆ ಕೂರಿಸಿಕೊಂಡು, ತಾಯಿಯ ಕಿವಿಯ ಹತ್ತಿರ ಹಿಡಿದು ನಡೆದಳು. “ಸಮಾಧಾನ ಮಾಡ್ರವ್ವ, ಜೀವ ಓಯ್ತದೆ ಕೂಸಿಗೆ” ಎಂದು ಹೆಂಗಸರು ಅತ್ತರು. “ಅಳಲಿ” ಎಂದಳು. “ಯಾರೂ ಮುಟ್ಟಬೇಡಿ. ಅಳಲಿ.” ಅವರ ಕಣ್ಣುಗಳಲ್ಲಿ ಅವಳೀಗ ರಾಕ್ಷಸಿಯಾಗಿದ್ದಳು. ಬಿಸಿಲು ನೆತ್ತಿಯಿಂದ ಇಳಿದು ಮರದ ನೆರಳು ಮಗ್ಗುಲಾಯಿತು. ಗೋದಾಳ ಭುಜ ಮರಗಟ್ಟಿತ್ತು. ಕೂಸು ಅತ್ತು ಅತ್ತು ಗಂಟಲು ಕಟ್ಟಿ, ಬಿಕ್ಕಿ, ಅವಳ ಕೊರಳಿಗೆ ತಲೆಯಿಟ್ಟು ಸುಮ್ಮನಾಯಿತು.

ಕೂಡಲೇ ಚಿಕ್ಕಮಾದಮ್ಮನ ಮೊಣಕಾಲುಗಳು ಕುಸಿದವು. ರೆಪ್ಪೆ ಮುಚ್ಚಿತು. ಉಸಿರು ಒಂದು ಬಂತು, ಆಮೇಲಿನದು ಬರಲಿಲ್ಲ. ಮಾಯಮ್ಮ ಬಾಯಿ ಬಡಿದುಕೊಳ್ಳಲು ಕೈ ಎತ್ತಿದಳು.

ಗೋದಾ ಕೂಸಿನ ತೊಡೆಯನ್ನು ಎರಡು ಬೆರಳಿನಲ್ಲಿ ಹಿಡಿದು, ತಿರುಚಿ, ಉಗುರು ನಾಟುವಂತೆ ಚಿವುಟಿದಳು.

ಆ ಚೀರಾಟಕ್ಕೆ ಮರದ ಕಾಗೆಗಳು ಎದ್ದವು. ಚಿಕ್ಕಮಾದಮ್ಮನ ಎದೆ ಸೆಳೆದು ಉಸಿರು ನುಗ್ಗಿತು, ಕಣ್ಣು ತೆರೆಯಿತು, ತೂಗಾಡುತ್ತಿದ್ದ ಕೈ ಎಲ್ಲಿಂದಲೋ ಎದ್ದು ಬಂದು ಗೋದಾಳ ಕೆನ್ನೆಗೆ ರಪ್ಪನೆ ಬಡಿಯಿತು.

“ನನ್ ಕೂಸ್ನ ಯಾಕ್ ಚಿವುಟ್ತೀಯೇ, ಮುಂಡೆ!”

ಕೇರಿಯೆಲ್ಲ ಕಲ್ಲಾಯಿತು. ಕರಿಯಯ್ಯನ ಬಾಯಿ ತೆರೆದೇ ಇತ್ತು. ಮುತ್ತೈದೆಗೆ, ಡಾಕ್ಟರ ಹೆಂಡತಿಗೆ, ಅಂಥ ಮಾತು. ಮಾಯಮ್ಮ ಓಡಿ ಬಂದು ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು.

“ಕೈ ತೆಗಿ” ಎಂದಳು ಗೋದಾ. ಅವಳು ಚಿಕ್ಕಮಾದಮ್ಮನ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. “ಬೈಯಿ. ನಿಲ್ಲಿಸಬೇಡ. ಇನ್ನೇನಿದೆ, ಎಲ್ಲಾ ಬೈಯಿ.”

ಚಿಕ್ಕಮಾದಮ್ಮ ದಿಗಿಲಿನಿಂದ ಅವಳನ್ನು ನೋಡಿದಳು. ತುಟಿ ಅಲುಗಿತು, ನಿದ್ದೆಯ ಆಳದಲ್ಲಿ ಮುಂದಿನ ಮಾತನ್ನು ಹುಡುಕುತ್ತಿದ್ದಳು. ಗೋದಾ ಆ ಸಣ್ಣ ಪಾಪೆಗಳಿಂದ ಕಣ್ಣು ಕೀಳದೆ, ಅವಳ ತೋಳಿನಡಿಗೆ ಮತ್ತೆ ಭುಜ ಕೊಟ್ಟು, ಮಾತು ಬರುವುದನ್ನೇ ಕಾಯುತ್ತ, ಮುಂದಿನ ಸುತ್ತಿಗೆ ಕಾಲೆತ್ತಿ ಇಟ್ಟಳು.